ನಾಗವಲ್ಲಿ ಹೋದಳು, ಗಂಗಾ ಏನಾದಳು?

ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ನನಗಾಗಿ ಕಾದು ಕೂತಿರುತ್ತದೆ. ಈ ಸಲ ಕೇಳಿದವನು ಪಿಯುಸಿ ಓದುವ ಹುಡುಗ. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನಿಗೆ ಕೈಮುಗಿದು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಕೈಯಲ್ಲಿದ್ದ ಮೊಬೈಲಿನಿಂದ ಕಣ್ಣೆತ್ತಿ ಹತ್ತಿರ ಬಂದ. "ಮಾವ, ನಾಗವಲ್ಲಿ ಪಿಚ್ಚರ್ ಮಾಡ್ದೋರ್ಗೆಲ್ಲ ಶಾಪ ತಟ್ತದಂತೆ. ಸೌಂದರ್ಯ ಹೋದ್ರು, ವಿಷ್ಣುವರ್ಧನ್ ಹೋದ್ರು. ಅದ್ಕೇ ಮೂರ್ನೇ ಪಾರ್ಟ್ ತೆಗಿಯಕ್ಕೆ ಯಾರೂ ಬರ್ತಿಲ್ವಂತೆ, ನಿಜ್ವಾ?"

ಅಂಕಣದ ಓದುಗರೂ ನನ್ನನ್ನು ಬಿಡದೆ ಕೇಳುವ ಪ್ರಶ್ನೆ ಇದು. ಇದೇ ಕಥೆಯ ಹಿಂದಿ ರೂಪ 'ಭೂಲ್ ಭುಲಯ್ಯಾ'ದ ಹೊಸ ಭಾಗ ಬಂದರೆ ಕೇಳುತ್ತಾರೆ, ತಮಿಳಿನ 'ಚಂದ್ರಮುಖಿ 2' ಟೀವಿಯಲ್ಲಿ ಬಂದರೆ ಕೇಳುತ್ತಾರೆ. ಕೆಲವರು ಶಾಪದ ಬಗ್ಗೆ ಕೇಳಿದರೆ ಕೆಲವರು ಇನ್ನೂ ಹಿಂದಕ್ಕೆ ಹೋಗಿ, ಅಷ್ಟಕ್ಕೂ ನಾಗವಲ್ಲಿಯನ್ನು ಕನ್ನಡಕ್ಕೆ ತಂದ 'ಆಪ್ತಮಿತ್ರ'ದಲ್ಲಿ ಇದ್ದದ್ದು ದೆವ್ವವೋ ಕಾಯಿಲೆಯೋ ಎಂದು ಕೇಳುತ್ತಾರೆ. ಈ ಎರಡು ಪ್ರಶ್ನೆಗಳಿಗೂ ಬೇರು ಒಂದೇ ಎಂದು ನನಗೆ ಈಚೆಗೆ ಅನ್ನಿಸುತ್ತಿದೆ.

ಮೊದಲು ಶಾಪದ ಮಾತು ಮುಗಿಸಿಬಿಡೋಣ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಸಣ್ಣ ವಿಮಾನ ಬಿದ್ದು ಸೌಂದರ್ಯ ತೀರಿಕೊಂಡರು. ಚುನಾವಣಾ ಪ್ರಚಾರಕ್ಕೆಂದು ಕರೀಂನಗರದ ಕಡೆ ಹೊರಟಿದ್ದರು, ಜೊತೆಯಲ್ಲಿ ಅಣ್ಣನೂ ಹೋದರು. 'ಆಪ್ತಮಿತ್ರ' ತೆರೆಗೆ ಬಂದದ್ದು ಅದೇ ವರ್ಷದ ಆಗಸ್ಟ್ 27ಕ್ಕೆ. ಅದರ ಮುಂದಿನ ಭಾಗ 'ಆಪ್ತರಕ್ಷಕ' ಮುಗಿಸಿದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರ ನಸುಕಿನಲ್ಲಿ ಮೈಸೂರಿನಲ್ಲಿ ಹೃದಯಾಘಾತದಿಂದ ಹೋದರು. ಆ ಚಿತ್ರ ಬಂದದ್ದು 2010ರ ಫೆಬ್ರವರಿ 19ಕ್ಕೆ. ಎರಡು ಚಿತ್ರ, ಎರಡರಲ್ಲೂ ಮುಖ್ಯ ಪಾತ್ರ ಮಾಡಿದವರು ಬಿಡುಗಡೆಯ ಹೊತ್ತಿಗೆ ಇರಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಗುವಂಥ ಕಾಕತಾಳೀಯವೇ ಸರಿ. ಆದರೆ ಲೆಕ್ಕವನ್ನು ಅಷ್ಟಕ್ಕೇ ನಿಲ್ಲಿಸುವುದು ನ್ಯಾಯವಲ್ಲ. ಸೌಂದರ್ಯ ಮಾಡಿದ ಪಾತ್ರವನ್ನು ಮಲಯಾಳದಲ್ಲಿ ಎಲ್ಲರಿಗಿಂತ ಮೊದಲು ಮಾಡಿದ ಶೋಭನಾ ಇವತ್ತಿಗೂ ಭರತನಾಟ್ಯ ಮಾಡುತ್ತಿದ್ದಾರೆ, ಕಲಿಸುತ್ತಿದ್ದಾರೆ. ತಮಿಳಿನ ಜ್ಯೋತಿಕಾ, ಹಿಂದಿಯ ವಿದ್ಯಾ ಬಾಲನ್ ಚೆನ್ನಾಗಿದ್ದಾರೆ. ರಜನಿಕಾಂತ್ ಅವರ 'ಚಂದ್ರಮುಖಿ' ಚೆನ್ನೈನ ಒಂದೇ ಚಿತ್ರಮಂದಿರದಲ್ಲಿ 890 ದಿನ ಓಡಿತು. ನಿರ್ದೇಶಕ ಪಿ. ವಾಸು ಈ ನಾಗವಲ್ಲಿಯ ಕಥೆಯನ್ನು ಐದು ಸಲ ತೆರೆಗೆ ತಂದರು: 'ಆಪ್ತಮಿತ್ರ', 'ಚಂದ್ರಮುಖಿ', 'ಆಪ್ತರಕ್ಷಕ', ತೆಲುಗಿನ 'ನಾಗವಲ್ಲಿ', 2023ರ 'ಚಂದ್ರಮುಖಿ 2'. ಶಾಪ ಅನ್ನುವುದು ಇದ್ದಿದ್ದರೆ ಮೊದಲು ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು ಎಂದು ಹುಡುಗನಿಗೆ ಹೇಳಿದೆ. ಅವನು ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ.

ಒಪ್ಪದಿರುವುದಕ್ಕೆ ಕಾರಣವಿದೆ, ಅದನ್ನು ಹೇಳಬೇಕಾದರೆ ಕಥೆಯ ಹುಟ್ಟಿಗೆ ಹೋಗಬೇಕು. 1993ರ ಕೊನೆಯಲ್ಲಿ ಮಲಯಾಳದಲ್ಲಿ ಫಾಸಿಲ್ ನಿರ್ದೇಶನದ 'ಮಣಿಚಿತ್ರತ್ತಾಳ್' ಬಂತು. ಬರೆದವರು ಮಧು ಮುಟ್ಟಂ. ಹೆಸರಿನ ಅರ್ಥವೇ ಚಿತ್ತಾರದ ಬೀಗ. ಆಲಪ್ಪುಳದ ಕಡೆಯ ಆಲುಮ್ಮೂಟ್ಟಿಲ್ ಎಂಬ ಹಳೆಯ ಮನೆತನದಲ್ಲಿ ನಡೆದ ದುರಂತವೊಂದು ಅದಕ್ಕೆ ಎಳೆ ಕೊಟ್ಟಿತು. ಬೀಗ ಹಾಕಿದ ಕೋಣೆ, ಅದರೊಳಗೆ ಕೊಲೆಯಾದ ನರ್ತಕಿ, ಆ ಮನೆಗೆ ಹೊಸದಾಗಿ ಬಂದ ಗಂಡ ಹೆಂಡತಿ, ರಾತ್ರಿಯಾದರೆ ಗೆಜ್ಜೆ ಸದ್ದು. ಅಜ್ಜಿ ಕಥೆಗಳಲ್ಲಿ ಇರುವುದೆಲ್ಲ ಇಲ್ಲಿಯೂ ಇದೆ. ಹೊಸದು ಇರುವುದು ಕೊನೆಯಲ್ಲಿ. ಕೋಣೆಯಲ್ಲಿ ಯಾರೂ ಇಲ್ಲ. ಗೆಜ್ಜೆ ಕಟ್ಟಿಕೊಂಡು ಕುಣಿಯುತ್ತಿರುವುದು ಮನೆಯ ಸೊಸೆ ಗಂಗಾ. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಅವಳನ್ನು ಅಜ್ಜಿಯ ಬಳಿ ಬಿಟ್ಟು ದೂರದ ಕಲ್ಕತ್ತೆಗೆ ಹೋದರು. ಆ ಒಂಟಿತನ ಅವಳೊಳಗೆ ಕೂತು, ಸತ್ತ ನರ್ತಕಿಯ ಕಥೆ ಕಿವಿಗೆ ಬಿದ್ದ ಕೂಡಲೇ ಅದನ್ನೇ ತನ್ನ ಕಥೆ ಮಾಡಿಕೊಂಡುಬಿಟ್ಟಿತು. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ದೆವ್ವವಾಗಿ ಹೆದರಿಸಿದ್ದಕ್ಕಲ್ಲ, ತನಗೆ ಏನಾಗುತ್ತಿದೆ ಎಂದೇ ತಿಳಿಯದ ಹೆಣ್ಣೊಬ್ಬಳನ್ನು ನಮ್ಮ ಮುಂದೆ ನಿಲ್ಲಿಸಿದ್ದಕ್ಕೆ.

ನನಗೆ ಬಹಳ ಕಾಲದಿಂದ ಕಾಡುವ ಇನ್ನೊಂದು ಸಂಗತಿ ಇದೆ. ಮಲಯಾಳದ ನಾಗವಲ್ಲಿ ತಮಿಳಿನವಳು. ಕನ್ನಡದ ನಾಗವಲ್ಲಿ ತೆಲುಗಿನವಳು. ತಮಿಳಿನ ಚಂದ್ರಮುಖಿಯೂ ತೆಲುಗೇ ಮಾತಾಡುತ್ತಾಳೆ. ಹಿಂದಿಯ ಮಂಜುಲಿಕಾ ಬಂಗಾಳಿ. ಯಾವ ಭಾಷೆಯವರು ಕಥೆ ಹೇಳಿದರೂ ದೆವ್ವಕ್ಕೆ ನೆರೆಯವರ ನಾಲಿಗೆ ಕೊಡುತ್ತಾರೆ. ನಮ್ಮ ಸೀಮೆಯಲ್ಲೂ ಹಾಗೇ ಅಲ್ಲವೇ? 'ಮೈಮೇಲೆ ಬಂದಾಗ ತೆಲುಗು ಮಾತಾಡ್ತಾಳೆ ಕಣಪ್ಪ, ಅವಳು ಹುಟ್ಟಿದ ಮೇಲೆ ತೆಲುಗು ಕೇಳಿದೋಳೇ ಅಲ್ಲ' ಎನ್ನುವ ಮಾತನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ನಮಗೆ ಅರ್ಥವಾಗದ್ದು ನಮ್ಮ ಮನೆಯೊಳಗಿನದೇ ಎಂದು ಒಪ್ಪಿಕೊಳ್ಳುವುದು ಕಷ್ಟ. ಹೊರಗಿನಿಂದ ಬಂತು ಎಂದರೆ ಸುಲಭ.

'ಆಪ್ತಮಿತ್ರ'ವನ್ನು ನಾನು ನೋಡಿದ್ದು ಮದ್ದೂರಿನಲ್ಲಿ, ಸೆಕೆಂಡ್ ಶೋ. ಊರಿನಿಂದ ಎಂಟು ಜನ ಹೋಗಿದ್ದೆವು. ಪಕ್ಕದ ಸೀಟಿನಲ್ಲಿ ನಮ್ಮ ಬೀದಿಯ ಒಬ್ಬ ಅಣ್ಣ. ದಾಯಾದಿಯಲ್ಲ, ಬೀದಿಯ ಸಲುಗೆಯಿಂದ ಅಣ್ಣ. ಅವನ ಹೆಂಡತಿಯನ್ನು ಅತ್ತಿಗೆ ಎನ್ನುತ್ತೇನೆ. ಅತ್ತಿಗೆಗೆ ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಬಾಣಂತನವೆಂದು ತವರಿಗೂ ಕಳಿಸಲಿಲ್ಲ. ಮೂರು ತಿಂಗಳಾದ ಮೇಲೆ, ಹೊತ್ತು ಮುಳುಗುವ ಸಮಯಕ್ಕೆ ದೀಪ ಹಚ್ಚಲು ಹೋದವಳು ದೇವರ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತೀರಿಹೋದ ಅತ್ತೆಯ ದನಿಯಲ್ಲಿ ಮಗನನ್ನು ಬೈಯಲು ಶುರುಮಾಡಿದಳು. ಆಮೇಲೆ ಅದು ವಾರಕ್ಕೆರಡು ಸಲವಾಯಿತು. ಗಾಳಿ ಮೆಟ್ಟಿಕೊಂಡಿದೆ ಎಂದರು. ಬೇರೆ ಊರಿನ ಒಬ್ಬನ ಹತ್ತಿರ ಕರೆದುಕೊಂಡು ಹೋದರು. ಅವನು ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಹೊಗೆ ಹಿಡಿದ, ಹುಣಸೆ ಬರಲಿನಲ್ಲಿ ಬಡಿದ. ಎತ್ತಿನಗಾಡಿಯಲ್ಲಿ ವಾಪಸ್ಸು ಕರೆತಂದಾಗ ಅವಳ ಮುಂಗೈ ಮೇಲೆ ಎದ್ದಿದ್ದ ಬಾಸುಂಡೆಗಳು ನನ್ನ ಕಣ್ಣಲ್ಲಿ ಇವತ್ತಿಗೂ ಇವೆ. ಹಸಿರು ಬಳೆಗಳಲ್ಲಿ ಎರಡೇ ಉಳಿದಿದ್ದವು.

ತೆರೆಯ ಮೇಲೆ ಗಂಡ ಹೊರಗೆ ಹೋಗುವುದು ಬೇಡವೆಂದ ಒಡನೆ ಸೌಂದರ್ಯ ಅವರ ಕಣ್ಣು ಬದಲಾಯಿತಲ್ಲ, ಮಂಚ ಎತ್ತುವ ಆ ದೃಶ್ಯ. ಇಡೀ ಗಾಂಧಿಕ್ಲಾಸು ಕೂಗಿತು. ಅಣ್ಣ ಕೂಗಲಿಲ್ಲ. ಮುಂದಿನ ಸೀಟಿನ ಕಬ್ಬಿಣದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದ್ದ. 'ರಾ ರಾ' ಹಾಡು ಮುಗಿಯುವವರೆಗೂ ಹಾಗೇ ಇದ್ದ. ಚಿತ್ರ ಬಿಟ್ಟ ಮೇಲೆ ಬಾಡಿಗೆಗೆ ಮಾಡಿದ್ದ ಟೆಂಪೋದಲ್ಲಿ ಎಲ್ಲರೂ ವಿಷ್ಣುವರ್ಧನ್ ಅವರ ರಾಜನ ವೇಷದ 'ಹೌಲಾ ಹೌಲಾ' ಅನುಕರಿಸುತ್ತಿದ್ದರು. ಕೆ.ಎಂ. ದೊಡ್ಡಿ ದಾಟಿದ ಮೇಲೆ, ಕಬ್ಬಿನ ಗದ್ದೆಗಳ ಕತ್ತಲಲ್ಲಿ, ಅವನು ನನ್ನ ಕಿವಿಯ ಹತ್ತಿರ ಬಾಯಿ ತಂದ. "ನಮ್ಮೋಳ್ಗೂ ಇಂಗೇ ಇರ್ಬೋದೇನ್ಲಾ? ಅದು ಗಾಳಿ ಅಲ್ದೇ ಇರ್ಬೋದಾ?"

ಒಂದು ಸಿನಿಮಾ ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚೇನು ಮಾಡಬೇಕು? ಮಾರನೆಯ ವಾರ ಅವನು ಮೊದಲು ಕಾಲಭೈರವೇಶ್ವರನ ಗುಡಿಗೆ ಹೋದ. ನಮ್ಮೂರಿನ ಬಸಪ್ಪನ ಹೆಸರನ್ನು ಮಂಡ್ಯ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ನ್ಯಾಯ ತೀರ್ಮಾನಕ್ಕೂ, ಮನೆಯ ತಾಪತ್ರಯಕ್ಕೂ, ಬೇರೆ ಊರುಗಳಲ್ಲಿ ದೇವರ ಪೂಜಾರಿಯಾದ ಗುಡ್ಡಪ್ಪನನ್ನು ಆರಿಸಲಿಕ್ಕೂ ಜನ ಆ ದೇವರ ಬಸವನನ್ನು ನಂಬುತ್ತಾರೆ, ಮನೆಗೆ ಬರಮಾಡಿಕೊಂಡು ಪಾದ ತೊಳೆಯುತ್ತಾರೆ. ಅಣ್ಣ ಅಪ್ಪಣೆ ಕೇಳಿದ್ದು ಆಸ್ಪತ್ರೆಗೆ ಹೋಗಲಿಕ್ಕೆ. ದೇವರ ಹೂವು ಬಲಗಡೆಗೆ ಬಿತ್ತು, ಅಪ್ಪಣೆ ಸಿಕ್ಕಿತು. ಅವತ್ತೇ ಹೊರಟ. ದೇವರಿಗೆ ಕೈಮುಗಿದು ಡಾಕ್ಟರ ಬಳಿ ಹೋಗುವುದರಲ್ಲಿ ಅವನಿಗೆ ಯಾವ ತೊಡಕೂ ಕಾಣಲಿಲ್ಲ. 'ಆಪ್ತಮಿತ್ರ' ನಮ್ಮಂಥ ಊರುಗಳಲ್ಲಿ ನಾಟಿದ್ದಕ್ಕೆ ಅದೇ ಕಾರಣ ಎಂದು ನಾನು ನಂಬಿದ್ದೇನೆ. ಅವಿನಾಶ್ ಮಾಡಿದ ಆಚಾರ್ಯರ ಪಾತ್ರವನ್ನು ನೆನೆಸಿಕೊಳ್ಳಿ. ಅವರನ್ನು ಆ ಚಿತ್ರ ಮೋಸಗಾರನನ್ನಾಗಿ ಮಾಡಲಿಲ್ಲ, ಹಾಸ್ಯಕ್ಕೆ ಇಡಲಿಲ್ಲ. ಮಂತ್ರ ಬಲ್ಲವರೇ ಮನೋವೈದ್ಯನ ಪಕ್ಕ ನಿಂತು, ಇದು ನೀವು ನೋಡಬೇಕಾದ ರೋಗಿ ಎಂದು ದಾರಿ ಬಿಟ್ಟರು. ಹಳ್ಳಿಯ ಮನೆಗೆ ಬೇಕಾಗಿದ್ದದ್ದು ಆ ಒಪ್ಪಿಗೆ.

ಚಿತ್ರದಲ್ಲಿ ತೋರಿಸಿದ ಚಿಕಿತ್ಸೆ ಮಾತ್ರ ಸಿನಿಮಾದ್ದೇ. ಹಲಗೆ ತಿರುಗಿ ರಾಜನ ಜಾಗಕ್ಕೆ ಗೊಂಬೆ ಬಂದು, ಅದನ್ನು ಕೊಂದ ಕೂಡಲೇ ಕಾಯಿಲೆ ಬಿಟ್ಟುಹೋಗುವುದು ಯಾವ ಆಸ್ಪತ್ರೆಯಲ್ಲೂ ಇಲ್ಲ. ಆಗ ಜನ ಸ್ಪ್ಲಿಟ್ ಪರ್ಸನಾಲಿಟಿ ಎಂದು ಕರೆದದ್ದನ್ನು ಈಗ ವೈದ್ಯರು ಡಿಸೋಸಿಯೇಟಿವ್ ಎಂಬ ಗುಂಪಿಗೆ ಸೇರಿಸುತ್ತಾರೆ. ತಡೆಯಲಾಗದ ನೋವನ್ನು ಮನಸ್ಸು ತನ್ನಿಂದ ಕತ್ತರಿಸಿ ಬೇರೆ ಇಡುತ್ತದೆ, ಹಾಗೆ ಇಟ್ಟದ್ದು ಒಮ್ಮೊಮ್ಮೆ ಬೇರೊಬ್ಬರ ದನಿಯಲ್ಲಿ ಹೊರಗೆ ಬರುತ್ತದೆ. ಮೈಮೇಲೆ ಬರುವುದೂ ಇದರ ಒಂದು ರೂಪವಾಗಿರಬಹುದು ಎಂಬುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿಯೇ 2013ರ ಆವೃತ್ತಿಯಲ್ಲಿ ಒಪ್ಪಿಕೊಂಡಿತು. ಜಾತ್ರೆಯಲ್ಲಿ, ಹಬ್ಬದಲ್ಲಿ ಭಕ್ತಿಯಿಂದ ಮೈದುಂಬುವುದು ಕಾಯಿಲೆಯಲ್ಲ, ಅದನ್ನೂ ವೈದ್ಯರು ಬಿಡಿಸಿ ಹೇಳುತ್ತಾರೆ. ಬದುಕನ್ನೇ ಕೆಡಿಸತೊಡಗಿದಾಗ ಅದು ಚಿಕಿತ್ಸೆ ಬೇಡುತ್ತದೆ. ಆ ಚಿಕಿತ್ಸೆ ಬಹುಪಾಲು ಮಾತು, ತಾಳ್ಮೆ, ತಿಂಗಳುಗಟ್ಟಲೆ ಓಡಾಟ. ಜೊತೆಯಲ್ಲಿ ನಿದ್ದೆಗೋ ಖಿನ್ನತೆಗೋ ಮಾತ್ರೆ. ಅತ್ತಿಗೆಗೆ ಒಂದೂವರೆ ವರ್ಷ ಹಿಡಿಯಿತು. ಕೂಸಿನ ವಿಷಯವನ್ನು ಅವಳು ಬಾಯಿಬಿಟ್ಟು ಮಾತಾಡಿದ್ದು ನಾಲ್ಕನೆಯ ಭೇಟಿಯಲ್ಲಂತೆ.

ಈಗ ಮುಂದಿನ ಭಾಗಗಳ ವಿಚಾರ. ಈ ಕಥೆಗೆ ಎರಡನೆಯ ಭಾಗ ಮಾಡುವುದು ಯಾಕೆ ಇಷ್ಟು ಕಷ್ಟ ಎನ್ನುವುದನ್ನು ಯೋಚಿಸಿ. ಮೊದಲ ಚಿತ್ರದ ಜೀವ ಒಂದು ಗುಟ್ಟಿನಲ್ಲಿತ್ತು: ದೆವ್ವ ಎಂದು ಹೆದರಿಸಿ, ಅಲ್ಲ ಇವಳೇ ಎಂದು ತೋರಿಸುವುದು. ಗುಟ್ಟು ಒಮ್ಮೆ ಬಯಲಾದ ಮೇಲೆ ಅದೇ ಬೀಗ ಎರಡನೆಯ ಸಲ ತೆಗೆಯಲು ಬರುವುದಿಲ್ಲ. ಆಗ ಉಳಿಯುವ ಸುಲಭದ ದಾರಿ ಎಂದರೆ ದೆವ್ವವನ್ನು ನಿಜ ಮಾಡಿಬಿಡುವುದು. ವರ್ಷಗಳು ಕಳೆದಷ್ಟೂ ಆ ದಾರಿಯ ಸೆಳೆತ ಹೆಚ್ಚು. 'ಭೂಲ್ ಭುಲಯ್ಯಾ 2' ಬಂದದ್ದು 2022ರಲ್ಲಿ, ಮೊದಲನೆಯದರ 15 ವರ್ಷಕ್ಕೆ. ಮೊದಲ ಚಿತ್ರದಲ್ಲಿ ಮನೋವೈದ್ಯ ಬಂದು ದೆವ್ವವಿಲ್ಲ ಎಂದಿದ್ದ, ಇದರಲ್ಲಿ ಆತ್ಮವೇ ಬಂದು ನಿಂತಿತು. 'ಚಂದ್ರಮುಖಿ 2' ಬಂದದ್ದು 18 ವರ್ಷಕ್ಕೆ. ಅದರಲ್ಲಿ ಚಂದ್ರಮುಖಿಯೂ ನಿಜ, ರಾಜನೂ ನಿಜ. ಮಲಯಾಳದಲ್ಲಿ 20 ವರ್ಷದ ನಂತರ, 2013ರಲ್ಲಿ, 'ಮಣಿಚಿತ್ರತ್ತಾಳ್'ನ ಮನೋವೈದ್ಯ, ಮೋಹನ್‌ಲಾಲ್ ಅವರ ಡಾಕ್ಟರ್ ಸನ್ನಿಯನ್ನು 'ಗೀತಾಂಜಲಿ' ಎಂಬ ಬೇರೆಯೇ ಕಥೆಗೆ ಕರೆತಂದರು, ಜನ ಒಪ್ಪಲಿಲ್ಲ. ನನ್ನ ದೂರು ಇವು ಕೆಟ್ಟ ಚಿತ್ರಗಳು ಎಂದಲ್ಲ. ಮೊದಲ ಚಿತ್ರ 'ಕಾಯಿಲೆ' ಎಂದಿತು. ನಾವು ಮನೆಗೆ ಹೋಗುವಷ್ಟರಲ್ಲಿ ಅದನ್ನು 'ದೆವ್ವ' ಎಂದೇ ನೆನಪಿಟ್ಟುಕೊಂಡೆವು. ಗಂಗಾಳ ಹೆಸರು ಮರೆತೆವು, ನಾಗವಲ್ಲಿಯ ಹೆಸರು ಉಳಿಸಿಕೊಂಡೆವು. ತಡವಾಗಿ ಬಂದ ಭಾಗಗಳು ನಾವು ತಪ್ಪಾಗಿ ನೆನಪಿಟ್ಟುಕೊಂಡದ್ದನ್ನೇ ಕಥೆ ಮಾಡಿ ನಮಗೆ ಮರಳಿ ಕೊಟ್ಟವು. ಸೌಂದರ್ಯ, ವಿಷ್ಣು ಅವರ ಸಾವಿಗೆ ಶಾಪ ಕಟ್ಟಿದ್ದೂ ಇದೇ ಮರೆವಿನ ಕೆಲಸ. ದೆವ್ವವಿಲ್ಲ ಎಂದು ಹೇಳಲು ಮಾಡಿದ ಚಿತ್ರಕ್ಕೇ ದೆವ್ವ ಅಂಟಿಸಿದೆವು.

ಹಾಗಾದರೆ 'ಆಪ್ತರಕ್ಷಕ'? ಅಲ್ಲಿಯೂ ಈ ಜಾರುವಿಕೆ ಶುರುವಾಗಿತ್ತು. ನಾಗವಲ್ಲಿಯ ಚಿತ್ರಪಟ ಹೋದ ಮನೆಯಲ್ಲೆಲ್ಲ ಅನಾಹುತ, ಮನೆಯೊಳಗೆ ಹೆಬ್ಬಾವಿನಂಥ ಭಾರೀ ಸರ್ಪ. ಆದರೂ ಆ ಚಿತ್ರಕ್ಕೆ ಒಂದು ಸ್ವಂತದ ಹೊಳಹು ಇತ್ತು. ಅದು ಭಯವನ್ನು ಹೆಣ್ಣಿನ ಮೈಯಿಂದ ಇಳಿಸಿ ರಾಜನ ಹೆಗಲಿಗೆ ಹಾಕಿತು. ಮೊದಲ ಭಾಗದಲ್ಲಿ ನರ್ತಕಿಯನ್ನು ಕೊಂದ ವಿಜಯ ರಾಜೇಂದ್ರ ಬಹದ್ದೂರ್ ಹಳೆಯ ಕಥೆಯಾಗಿದ್ದ. ಇಲ್ಲಿ ಅವನು ನೂರು ವರ್ಷ ಮೀರಿದ ಮೇಲೂ ಸಾಯದೆ ಕೂತಿದ್ದಾನೆ. ತಪ್ಪು ಮಾಡಿದವನು ಬದುಕಿದ್ದಾನೆ, ಸತ್ತ ಹೆಣ್ಣಿನ ಹೆಸರು ಮಾತ್ರ ಕೆಟ್ಟಿದೆ. ವಿಮಲಾ ರಾಮನ್ ಅವರ ನಾಗವಲ್ಲಿಯನ್ನು ನೋಡುವಾಗ ನನಗೆ ಹೆದರಿಕೆಗಿಂತ ಹೆಚ್ಚಾಗಿ ಪಾಪ ಅನ್ನಿಸಿತು. ಎರಡನೆಯ ಭಾಗವೊಂದು ಮೊದಲನೆಯದನ್ನು ಇನ್ನಷ್ಟು ನ್ಯಾಯವಾಗಿ ನೋಡುವಂತೆ ಮಾಡಿದರೆ ಅದು ಸಣ್ಣ ಸಾಧನೆಯಲ್ಲ.

ಆದರೆ ಆ ಚಿತ್ರಕ್ಕೆ ಜನ ಹೋದದ್ದು ಕಥೆಗಲ್ಲ ಎಂದು ನನಗೂ ಗೊತ್ತು. ಬಿಡುಗಡೆಯಾದ ಶುಕ್ರವಾರದ ಬೆಳಗಿನ ಆಟ ಮರೆಯುವಂಥದ್ದಲ್ಲ. ವಿಷ್ಣು ಹೋಗಿ 51 ದಿನ. 1972ರ 'ನಾಗರಹಾವು' ಚಿತ್ರದಲ್ಲಿ ಅವರ ಎದುರು ಜಲೀಲನಾಗಿ ನಿಂತು ಚಿತ್ರರಂಗಕ್ಕೆ ಬಂದ ಅಂಬರೀಶ್ ನಮ್ಮ ಹೋಬಳಿಯ ದೊಡ್ಡರಸಿನಕೆರೆಯವರು. ಹಾಗಾಗಿ ನಮ್ಮ ಕಡೆಯವರಿಗೆ ವಿಷ್ಣು ಅಂದರೆ ಮನೆಮಗನ ಗೆಳೆಯ, ಅವರೂ ಮನೆಯವರೇ. ಕಟೌಟಿಗೆ ಸೇವಂತಿಗೆ ಹಾರ ಹಾಕಿದ್ದರು, ಕೆಳಗೆ ಕರ್ಪೂರ ಉರಿಯುತ್ತಿತ್ತು. ಪ್ರತಿ ಸಲ ಕೇಳುವ ಶಿಳ್ಳೆ ಅವತ್ತು ಹೆಸರು ತೋರಿಸುವಾಗ ಕೇಳಲಿಲ್ಲ. 200ನೆಯ ಚಿತ್ರ ಎಂದು ಬಂದಾಗ ಎಲ್ಲರೂ ಎದ್ದು ನಿಂತರು, ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಮುಪ್ಪಿನ ರಾಜನ ವೇಷದಲ್ಲಿ ವಿಷ್ಣು ತೆರೆ ತುಂಬಿ ಬಂದಾಗ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ರೈತರು, ಅರವತ್ತು ದಾಟಿದವರು, ಹೆಗಲ ಮೇಲಿನ ಟವೆಲ್ಲಿನ ಚುಂಗನ್ನು ಬಾಯಿಗೆ ತುರುಕಿಕೊಂಡರು. ಭುಜ ಕುಲುಕುತ್ತಿತ್ತು. ಸಾವೇ ಇಲ್ಲದ ರಾಜನ ಪಾತ್ರದಲ್ಲಿ ಇಲ್ಲದ ಮನುಷ್ಯನನ್ನು ನಾವು ನೋಡುತ್ತಿದ್ದೆವು. ಅದಕ್ಕಿಂತ ದೊಡ್ಡ ಭೂತದರ್ಶನವನ್ನು ನಾನು ಯಾವ ಹಾರರ್ ಚಿತ್ರದಲ್ಲೂ ಕಂಡಿಲ್ಲ, ಮತ್ತು ಅದರಲ್ಲಿ ಹೆದರಿಕೆ ಅನ್ನುವುದು ಒಂದು ಚೂರೂ ಇರಲಿಲ್ಲ.

ಆದ್ದರಿಂದ 'ಆಪ್ತ' ಸರಣಿಗೆ ಮೂರನೆಯ ಭಾಗ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ವಿಷ್ಣುವರ್ಧನ್ ಇಲ್ಲದ ರಾಜ ಬೇಡ. ಗ್ರಾಫಿಕ್ಸಿನಲ್ಲಿ ಅವರನ್ನು ಎಬ್ಬಿಸಿ ತರುವುದಂತೂ ಬೇಡವೇ ಬೇಡ. ಆದರೆ ಯಾರೂ ತೆಗೆಯದ ಒಂದು ಭಾಗ ಬಾಕಿ ಇದೆ. ಗಂಗಾ ಎದ್ದ ಮಾರನೆಯ ದಿನ ಏನಾಯಿತು? ಅವಳಿಗೆ ತಾನು ಮಾಡಿದ್ದೆಲ್ಲ ಯಾರು ಹೇಳಿದರು, ಎಷ್ಟು ಹೇಳಿದರು? ನೆಂಟರ ಮನೆಗೆ ಮದುವೆಗೆ ಹೋದಾಗ ಅಡಿಗೆಮನೆಯಲ್ಲಿ ಹೆಂಗಸರು ಮಾತು ನಿಲ್ಲಿಸಿದರೇ? ಗಂಡ ರಾತ್ರಿ ಅವಳ ಪಕ್ಕ ನಿಶ್ಚಿಂತೆಯಿಂದ ಮಲಗಲು ಎಷ್ಟು ದಿನ ಹಿಡಿಯಿತು? ಮೂವತ್ತು ವರ್ಷ ಮೀರಿದ ಈ ಕಥೆ ನಾಲ್ಕೈದು ಭಾಷೆಗಳಲ್ಲಿ ಓಡಾಡಿದೆ, ಯಾರೂ ಅವಳ ಹಿಂದೆ ಹೋಗಲಿಲ್ಲ. ಎಲ್ಲರೂ ಕೋಣೆಗೇ ವಾಪಸ್ಸು ಬಂದರು.

ಇದನ್ನೆಲ್ಲ ಕಾಲ ಬದಲಾಯಿತು ಎಂದು ತಳ್ಳಿಹಾಕಲು ಬರುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯ್ದೆಯಾಯಿತು, 2020ರ ಜನವರಿಯಿಂದ ಜಾರಿಯಲ್ಲಿದೆ. ಮನಸ್ಸಿನ ಕಷ್ಟಕ್ಕೆ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ದುಡ್ಡು ಬೇಕಿಲ್ಲ. ಆ ಪಿಯುಸಿ ಹುಡುಗನ ಮೊಬೈಲಿನಲ್ಲಿ ನಂಬರು ಹಾಕಿಸಿದೆ. ಶಾಪದ ವೀಡಿಯೋ ನೋಡುತ್ತಿದ್ದ ಅದೇ ಮೊಬೈಲು.

ಅವನನ್ನು ಕಳಿಸಿ ಅತ್ತಿಗೆಯ ಮನೆಗೆ ಹೋದೆ. ಈಗ ಅವಳಿಗೆ ಮದುವೆಯಾದ ಮಗಳಿದ್ದಾಳೆ, ಮೊಮ್ಮಗುವಿದೆ. ಆಲೆಮನೆಯವರಿಗೆ ಬುತ್ತಿ ಕಟ್ಟುತ್ತಿದ್ದಳು, ಮುದ್ದೆಗಳನ್ನು ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಹೋದ ವಾರ ಟೀವಿಯಲ್ಲಿ 'ಆಪ್ತಮಿತ್ರ' ಹಾಕಿದ್ದರಂತೆ, ಮೊದಲ ಸಲ ಪೂರ್ತಿ ನೋಡಿದೆ ಎಂದಳು. ಇಷ್ಟು ವರ್ಷ ಆ ಚಿತ್ರ ಬಂದರೆ ಅಣ್ಣ ಎದ್ದು ಚಾನೆಲ್ ಬದಲಾಯಿಸುತ್ತಿದ್ದ. ಹೆದರಿಕೆಯಾಯಿತೇ ಎಂದು ಕೇಳಬೇಕೆಂದುಕೊಂಡವನು ಸುಮ್ಮನಾದೆ.

ಅವಳೇ ಕೇಳಿದಳು. "ಅಲ್ಲ ಕಣಪ್ಪ, ಆ ಹೆಣ್ಮಗ ಎದ್ಲು, ಎಲ್ರೂ ನಕ್ರು, ಮುಗೀತು ಅಂದ್ರು. ಆಮೇಕೆ ಅವ್ಳ್ಗೆ ಮಾತ್ರೆ ಗೀತ್ರೆ ಕೊಟ್ರಾ? ತಿರ್ಗಾ ಡಾಕ್ಟ್ರತ್ರ ಕರ್ಕೊಂಡೋದ್ರಾ?"

ಅದನ್ನು ತೋರಿಸಿಲ್ಲ ಅತ್ತಿಗೆ ಎಂದೆ.

"ತೋರಿಸ್ಬೇಕಿತ್ತು" ಅಂದಳು. ಮುದ್ದೆಗಳನ್ನು ಕುಕ್ಕೆಗೆ ತುಂಬಿ, ಮೇಲೆ ಬಾಳೆಲೆ ಮುಚ್ಚಿ, ಸಾರಿನ ಕ್ಯಾರಿಯರ್ ಕೈಗೆತ್ತಿಕೊಂಡು ಹೊಸಿಲು ದಾಟಿದಳು.